ಅಗಸಿಯ ಹೊರಗಣ ಮರಣ

ಕೊಪ್ಪಳದ ಸುತ್ತಣ ಕಲ್ಲುಬೆಟ್ಟಗಳನ್ನು ಏರಿದವರಿಗೆ, ಈ ನಾಡು ತನ್ನ ಮೃತರನ್ನು ಯಾವ ಬಗೆಯಲ್ಲಿ ನೆನೆದುಕೊಂಡಿತೆಂಬುದು ಪುಸ್ತಕಗಳ ನೆರವಿಲ್ಲದೆಯೇ ತಿಳಿದುಬರುತ್ತದೆ. ಅಶೋಕ ಚಕ್ರವರ್ತಿಯ ಶಾಸನವನ್ನು ಹೊತ್ತುಕೊಂಡಿರುವ ಪಲ್ಲಕ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕಂಡರಿಸಿ, ಅವನ್ನು ಮಾಡಿಸಿದಾತನು ಚಾವಯ್ಯನೆಂದು ಹಳಗನ್ನಡದಲ್ಲಿ ಬರೆಯಿಸಲಾಗಿದೆ. ಜೈನಕಾಶಿಯೆಂದು ಹೆಸರಾದ ಹಳೆಯ ಕೊಪ್ಪಳದಲ್ಲಿ, ಎಂದರೆ ಕೊಪಣದಲ್ಲಿ, ಸಲ್ಲೇಖನ ವ್ರತವನ್ನು ಕೈಕೊಂಡು, ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ, ಸಮಚಿತ್ತದಿಂದ ದೇಹವನ್ನು ಬಿಟ್ಟ ಮುನಿಗಳಿಗೂ ಶ್ರಾವಕರಿಗೂ ನಿಲ್ಲಿಸಿದ ನಿಷಿಧಿಗಳು ಹಲವು. ಊರನ್ನು ಕಾಯುತ್ತ, ತುರುಗಳನ್ನು ಮರಳಿಸುತ್ತ ಮಡಿದವರಿಗಾಗಿ ಊರೂರ ಅಗಸಿಗಳ ಬಳಿಯಲ್ಲಿ ವೀರಗಲ್ಲುಗಳು ನಿಂತಿವೆ. ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನಾದರೋ, ಮಲತಾಯಿಯ ಸುಳ್ಳು ಅಪವಾದಕ್ಕೆ ಗುರಿಯಾಗಿ, ತಂದೆಯಿಂದಲೇ ಮರಣದಂಡನೆಗೆ ಒಳಗಾದ ನಿರಪರಾಧಿಯೆಂದು ಜನಪದದಲ್ಲಿ ಇಂದಿಗೂ ಹಾಡಿಸಿಕೊಳ್ಳುತ್ತಿದ್ದಾನೆ. ಮಂತ್ರಿ ಬೈಚಪ್ಪನ ಉಪಾಯದಿಂದ ಉಳಿದು, ಕೊನೆಗೆ ದಿಲ್ಲಿಯ ಸೇನೆಯೊಡನೆ ಕಾದಾಡಿ ಬಿದ್ದನಾದುದರಿಂದ ಅವನ ಕಥೆಯೂ ವೀರಸ್ವರ್ಗದಲ್ಲಿಯೇ ಮುಕ್ತಾಯವಾಗುತ್ತದೆ.

ಇವೆಲ್ಲವೂ ಗೌರವದ ಮರಣಗಳು. ಒಬ್ಬನು ತಾನಾಗಿ ಆರಿಸಿಕೊಂಡ ತಪಸ್ಸಿನ ಕೊನೆಯಲ್ಲಿ ಸತ್ತನು. ಮತ್ತೊಬ್ಬನು ಕೈಯಲ್ಲಿ ಆಯುಧವಿರುವಾಗ ಸತ್ತನು. ಇಬ್ಬರ ಪಾಲಿಗೂ ಊರು ತಲೆಬಾಗಿತು. ಇಂಥ ನೆಲದಲ್ಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯೊಳಗೆ ಅಲ್ಪಸಂಖ್ಯೆಯಲ್ಲಿ ಬಾಳುತ್ತಿರುವ ಕ್ರೈಸ್ತರು, ಪ್ರತಿ ವರ್ಷವೂ ಬೇಸಗೆಯ ಒಂದು ಶುಕ್ರವಾರ ಒಟ್ಟುಗೂಡಿ ನೆನೆಯುವ ಮರಣವು ಈ ಎರಡರ ಜಾತಿಗೂ ಸೇರತಕ್ಕದ್ದಲ್ಲ. ಅದು ಅಪರಾಧಿಯೆಂದು ತೀರ್ಪು ಹೊಂದಿದವನ ಮರಣ. ಬಟ್ಟೆಯನ್ನು ಕಿತ್ತುಕೊಂಡು, ಊರ ಹೊರಗೆ, ದಾರಿಹೋಕರು ಮೂದಲಿಸುವಂತೆ ಮರಕ್ಕೆ ಜಡಿದು ಕೊಂದ ಮರಣ. ಇದನ್ನೇ ತಮ್ಮ ವಿಶ್ವಾಸದ ಕೇಂದ್ರವೆಂದೂ, ದೇವರ ಸ್ವರೂಪವು ಮನುಷ್ಯರಿಗೆ ಅತ್ಯಂತ ಸ್ಪಷ್ಟವಾಗಿ ಕಂಡ ಗಳಿಗೆಯೆಂದೂ ಅವರು ಹೇಳುತ್ತಾರೆ. ಸೋಜಿಗದ ಮಾತಿದು. ನೆರೆಹೊರೆಯವರ ವಿಶ್ವಾಸವನ್ನು ತಿಳಿಯಬಯಸುವ ಯಾರಾದರೂ ಮೊದಲು ಅದರ ಸೋಜಿಗವನ್ನು ಪೂರ್ಣವಾಗಿ ಅನುಭವಿಸಬೇಕು. ಆ ಮೇಲೆಯೇ ಅರ್ಥವನ್ನು ಅರಸಬೇಕು.

ಈ ವಿಶ್ವಾಸವು ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದುದೆಂದು ಭಾವಿಸುವವರುಂಟು. ಆದರೆ ಕುಷ್ಟಗಿಯ ನೆರೆಯ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ರೋಮನ್ ಕ್ಯಾಥೊಲಿಕ್ ಸಮುದಾಯವೊಂದು ಬಾಳಿಕೊಂಡು ಬಂದಿದೆ. ಪೂರ್ವದ ಬಳ್ಳಾರಿಗೆ 1810ರಲ್ಲಿ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡವನ್ನು ಕಲಿತು ಭಾಷಾಂತರಕ್ಕೆ ತೊಡಗಿ, ಸಂಗಡಿಗರ ನೆರವಿನಿಂದ 1831ರ ಹೊತ್ತಿಗೆ ಸಂಪೂರ್ಣ ಬೈಬಲ್ಲನ್ನು ಕನ್ನಡದಲ್ಲಿ ಹೊರತಂದರು. ಪಶ್ಚಿಮಕ್ಕೆ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ನೆಲೆಯೂರಿದರು. ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದ ಕೊಪ್ಪಳ, ಯಲಬುರ್ಗಾಗಳು ಹೈದರಾಬಾದ್ ಸಂಸ್ಥಾನದೊಳಗಿದ್ದುವಾದರೂ, ಈ ಎರಡು ದಿಕ್ಕುಗಳ ಗಾಳಿಯೂ ಇಲ್ಲಿಗೆ ಬೀಸದೆ ಇರಲಿಲ್ಲ. ಇಂದು ಇಲ್ಲಿನ ಕ್ಯಾಥೊಲಿಕರು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದವರು. ಪ್ರೊಟೆಸ್ಟೆಂಟ್ ಪಂಗಡಗಳ ಸಭೆಗಳೂ ಅಲ್ಲಲ್ಲಿ ಉಂಟು. ಪಂಗಡಗಳೊಳಗೆ ಭೇದಗಳು ಎಷ್ಟೇ ಇರಲಿ, ಶಿಲುಬೆಯ ವಿಷಯದಲ್ಲಿ ಎಲ್ಲರದೂ ಒಂದೇ ನಿಷ್ಠೆ.

ಮೊದಲು ಘಟನೆಯನ್ನು ನೋಡೋಣ. ರೋಮ್ ಸಾಮ್ರಾಜ್ಯಕ್ಕೆ ಅಧೀನವಾಗಿದ್ದ ಯೂದಾಯ ಪ್ರಾಂತದಲ್ಲಿ ಪೊಂತ್ಯ ಪಿಲಾತನು ಅಧಿಪತಿಯಾಗಿದ್ದುದು ಕ್ರಿ. ಶ. 26ರಿಂದ 36ರವರೆಗೆ, ಯೇಸುವಿನ ಮರಣವು ಆ ಅವಧಿಯೊಳಗೆ, ಕ್ರಿ. ಶ. 30 ಅಥವಾ 33ರ ವಸಂತದಲ್ಲಿ ನಡೆಯಿತೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ರೋಮಿನ ಇತಿಹಾಸಕಾರ ಟ್ಯಾಸಿಟಸನು ಎರಡನೆಯ ಶತಮಾನದ ಆದಿಯಲ್ಲಿ ಬರೆಯುವಾಗ, ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪಿಲಾತನಿಂದ ಕ್ರಿಸ್ತನು ವಧೆಗೊಂಡನೆಂಬುದನ್ನು ಹೇಳಿದ್ದಾನಾಗಿ, ಈ ಸಂಗತಿಯು ಭಕ್ತರ ಗ್ರಂಥಗಳಿಗಷ್ಟೇ ಸೀಮಿತವಾದುದಲ್ಲ. ನಾಲ್ಕು ಸುವಾರ್ತೆಗಳು ನಿರೂಪಿಸುವ ಪ್ರಕಾರ, ಶಿಷ್ಯರೊಡನೆ ಕೊನೆಯ ಭೋಜನವನ್ನು ಮುಗಿಸಿ ತೋಟದಲ್ಲಿ ಪ್ರಾರ್ಥಿಸುತ್ತಿದ್ದ ಯೇಸುವನ್ನು ಶಿಷ್ಯರಲ್ಲೊಬ್ಬನಾದ ಯೂದನೇ ಹಿಡಿದುಕೊಟ್ಟನು. ಪೇತ್ರನು ತಾನು ಅವನನ್ನು ಅರಿಯೆನೆಂದನು. ಮಹಾಯಾಜಕ ಕಾಯಫನ ಸಭೆಯು ದೇವದೂಷಕನೆಂದು ನಿರ್ಣಯಿಸಿತು. ಅವನಲ್ಲಿ ಅಪರಾಧವನ್ನು ಕಾಣದ ಪಿಲಾತನು ಗದ್ದಲಕ್ಕೆ ಅಂಜಿ ಒಪ್ಪಿಸಿಕೊಟ್ಟನು. ಚಾವಟಿಯ ಹೊಡೆತ ತಿಂದು, ಮುಳ್ಳಿನ ಕಿರೀಟವನ್ನು ಹೊತ್ತು, ಶಿಲುಬೆಯ ಭಾರಕ್ಕೆ ಬಳಲಿದವನಿಗೆ ನೆರವಾಗಲು ಸೈನಿಕರು ಹಿಡಿದೆಳೆದುದು ಹೊಲದಿಂದ ಬರುತ್ತಿದ್ದ ಕುರೇನ್ಯದ ಸೀಮೋನನನ್ನು. ಗೊಲ್ಗೊಥಾ ಎಂಬ ಸ್ಥಳದಲ್ಲಿ ಇಬ್ಬರು ಅಪರಾಧಿಗಳ ನಡುವೆ ಅವನನ್ನು ಶಿಲುಬೆಗೆ ಏರಿಸಿ, ಯೆಹೂದ್ಯರ ಅರಸನೆಂಬ ಹಲಗೆಯನ್ನು ಮೂರು ಭಾಷೆಗಳಲ್ಲಿ ಬರೆದು ತಲೆಯ ಮೇಲೆ ತೂಗುಹಾಕಿದರು. ಗಂಡಸರಾದ ಶಿಷ್ಯರು ಬಹುಮಟ್ಟಿಗೆ ಚದುರಿಹೋಗಿದ್ದ ಹೊತ್ತಿನಲ್ಲಿ ಕಡೆಯತನಕ ನೋಡುತ್ತ ನಿಂತವರು ಹೆಂಗಸರು.

ಶಿಲುಬೆಯ ದಂಡನೆಯು ರೋಮನರಿಗೆ ಕೇವಲ ಕೊಲ್ಲುವ ವಿಧಾನವಾಗಿರಲಿಲ್ಲ. ಅದು ಸಾಮ್ರಾಜ್ಯವು ತನ್ನ ಪ್ರಜೆಗಳೆದುರಿಗೆ ಆಡುತ್ತಿದ್ದ ಮಾತಾಗಿತ್ತು. ದಾಸರಿಗೆ, ದರೋಡೆಕೋರರಿಗೆ, ದಂಗೆಯೆದ್ದವರಿಗೆ ಮೀಸಲಾದ ಈ ಶಿಕ್ಷೆಯಿಂದ ರೋಮಿನ ನಾಗರಿಕರು ಸಾಮಾನ್ಯವಾಗಿ ವಿನಾಯಿತಿ ಪಡೆದಿದ್ದರು. ಸ್ಪಾರ್ಟಕಸನ ನೇತೃತ್ವದ ದಾಸರ ದಂಗೆಯನ್ನು ಅಡಗಿಸಿದಾಗ, ಕ್ರಿ. ಪೂ. 71ರಲ್ಲಿ, ಕಪುವಾ ಪಟ್ಟಣದಿಂದ ರೋಮಿನವರೆಗೆ ಹೆದ್ದಾರಿಯುದ್ದಕ್ಕೂ ಸುಮಾರು 6,000 ಮಂದಿಯನ್ನು ಶಿಲುಬೆಗೇರಿಸಿದರು. 1968ರಲ್ಲಿ ಜೆರುಸಲೇಮಿನ ಬಳಿ ದೊರೆತ, ಯೇಸುವಿನ ಶತಮಾನದ ಸಮಾಧಿಯೊಂದರಲ್ಲಿ, ಹಿಮ್ಮಡಿಯ ಎಲುಬಿನೊಳಗೆ ಕಬ್ಬಿಣದ ಮೊಳೆ ಇನ್ನೂ ನೆಟ್ಟುಕೊಂಡಿದ್ದ ಅಸ್ಥಿಯು ಸಿಕ್ಕಿತು. 1858ರ ಜೂನಿನಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದುದನ್ನೂ, ಅದೇ ತಿಂಗಳು ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದುದನ್ನೂ ಮರೆಯದಿರುವ ಈ ಸೀಮೆಯ ಜನಕ್ಕೆ, ಎದುರು ನಿಂತವರ ಮರಣವನ್ನು ಆಳುವವರು ಹೇಗೆ ಭಯದ ಪಾಠವನ್ನಾಗಿ ಮಾಡುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಶಿಲುಬೆಯಲ್ಲಿ ಭಯದೊಡನೆ ನಾಚಿಕೆಯೂ ಕೂಡಿತ್ತು. ಸತ್ತವನ ಹೆಸರನ್ನು ಸಹ ಉಳಿಸಬಾರದೆಂಬುದು ಅದರ ಉದ್ದೇಶ. ಮರಕ್ಕೆ ತೂಗುಹಾಕಲ್ಪಟ್ಟವನು ದೇವರಿಂದ ಶಪಿತನೆಂದು ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ ಹೇಳಿದ್ದಿತು.

ಹೀಗಿರುವಲ್ಲಿ, ಶಿಲುಬೆಗೆ ಹಾಕಲ್ಪಟ್ಟವನೇ ಲೋಕರಕ್ಷಕನೆಂದು ಸಾರಿದ ಮೊದಲ ಕ್ರೈಸ್ತರ ಮಾತು ಕೇಳಿದವರಿಗೆ ಹುಚ್ಚಿನಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ತನ್ನ ಬೋಧೆಯು ಯೆಹೂದ್ಯರಿಗೆ ಎಡವುಗಲ್ಲೂ ಗ್ರೀಕರಿಗೆ ಮೂರ್ಖತನವೂ ಆಗಿ ಕಾಣುತ್ತದೆಂಬುದನ್ನು ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ರೋಮ್ ನಗರದ ಗೋಡೆಯೊಂದರ ಮೇಲೆ ಯಾರೋ ಗೀಚಿದ ಹಳೆಯ ಚಿತ್ರವೊಂದರಲ್ಲಿ, ಕತ್ತೆಯ ತಲೆಯುಳ್ಳವನೊಬ್ಬನು ಶಿಲುಬೆಯಲ್ಲಿದ್ದಾನೆ, ಅಲೆಕ್ಸಮೆನೊಸ್ ಎಂಬವನು ಅವನಿಗೆ ಕೈಯೆತ್ತಿ ನಮಿಸುತ್ತಿದ್ದಾನೆ. ಕ್ರೈಸ್ತರಾದರೂ ಮೊದಲ ಶತಮಾನಗಳಲ್ಲಿ ಮೀನು, ಲಂಗರು, ಕುರಿಮರಿಯನ್ನು ಹೆಗಲೇರಿಸಿಕೊಂಡ ಕುರುಬ ಮುಂತಾದ ಚಿಹ್ನೆಗಳನ್ನೇ ಹೆಚ್ಚಾಗಿ ಬಳಸಿದರು. ಶಿಲುಬೆಯ ಮೇಲಿನ ಯೇಸುವನ್ನು ಬಹಿರಂಗವಾಗಿ ಚಿತ್ರಿಸುವ ಧೈರ್ಯವು ಬಂದುದು, ಆ ದಂಡನೆಯೇ ರದ್ದಾಗಿ ಕಣ್ಣಾರೆ ಕಂಡವರು ಯಾರೂ ಉಳಿಯದಿದ್ದ ಐದನೆಯ ಶತಮಾನದ ಸುಮಾರಿಗೆ.

ಇನ್ನು ಅರ್ಥದ ಮಾತು. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನೆಂಬುದು ಕ್ರೈಸ್ತ ವಿಶ್ವಾಸದ ಅತ್ಯಂತ ಪ್ರಾಚೀನವಾದ ಹೇಳಿಕೆ. ಪೌಲನು ಅದನ್ನು ಬರೆಯುವಾಗಲೇ, ತನಗಿಂತ ಹಿಂದಿನವರಿಂದ ತನಗೆ ದೊರಕಿದ ಮಾತೆಂದು ಬರೆಯುತ್ತಾನೆ. ಆದರೆ ಒಬ್ಬನ ಮರಣವು ಇನ್ನೊಬ್ಬನ ಪಾಪವನ್ನು ಹೇಗೆ ಕಳೆಯುತ್ತದೆಂಬ ಪ್ರಶ್ನೆಗೆ, ಆಶ್ಚರ್ಯದ ಸಂಗತಿಯೆಂದರೆ, ಸಭೆಯು ಒಂದೇ ಸಿದ್ಧಾಂತವನ್ನು ಎಂದೂ ವಿಧಿಸಲಿಲ್ಲ. ಯೇಸುವಿನ ದೇವತ್ವವನ್ನು ಕುರಿತು 325ರಲ್ಲಿ ನಿಕಾಯದಲ್ಲಿಯೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿಯೂ ಮಹಾಸಭೆಗಳು ಕೂಡಿ ಪದಪದವನ್ನೂ ತೂಗಿ ವಿಶ್ವಾಸಪ್ರಮಾಣವನ್ನು ರೂಪಿಸಿದುವು. ಶಿಲುಬೆಯನ್ನು ಕುರಿತೋ, ನಮಗಾಗಿ ಎಂಬಷ್ಟನ್ನು ಹೇಳಿ ಸುಮ್ಮನಾದುವು. ಆ ಮೌನದೊಳಗಿಂದಲೇ ಹಲವು ವ್ಯಾಖ್ಯಾನಗಳು ಹುಟ್ಟಿ, ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತ ಬೆಳೆದಿವೆ.

ಮೊದಲನೆಯದು ವಿಜಯದ ವ್ಯಾಖ್ಯಾನ. ಪಾಪ, ಮರಣ, ಸೈತಾನ ಎಂಬ ಶಕ್ತಿಗಳ ಸೆರೆಯಲ್ಲಿ ಸಿಕ್ಕಿಬಿದ್ದ ಮಾನವಕುಲವನ್ನು ಬಿಡಿಸಲು ಕ್ರಿಸ್ತನು ಆ ಶಕ್ತಿಗಳ ಕೋಟೆಯೊಳಕ್ಕೆ, ಎಂದರೆ ಮರಣದೊಳಕ್ಕೆ, ತಾನೇ ಹೊಕ್ಕು ಅದನ್ನು ಒಳಗಿನಿಂದ ಒಡೆದನೆಂದು ಇರೇನಿಯಸನೇ ಮೊದಲಾದ ಪ್ರಾಚೀನ ಗುರುಗಳು ಬೋಧಿಸಿದರು. ಎರಡನೆಯದು ಋಣತೀರಿಕೆಯದು. ಕ್ಯಾಂಟರ್ಬರಿಯ ಆನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ಮನುಷ್ಯನು ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಋಣಿಯಾದನೆಂದೂ, ಆ ಋಣವನ್ನು ತೀರಿಸಬೇಕಾದವನು ಮನುಷ್ಯನಾದರೂ ತೀರಿಸಲು ಸಮರ್ಥನು ದೇವರೊಬ್ಬನೇ ಆದುದರಿಂದ, ದೇವರೂ ಮನುಷ್ಯನೂ ಆದ ಒಬ್ಬನು ಅವಶ್ಯವಾದನೆಂದೂ ವಾದಿಸಿದನು. ಹದಿನಾರನೆಯ ಶತಮಾನದ ಸುಧಾರಕರು ಇದನ್ನೇ ನ್ಯಾಯಾಲಯದ ಭಾಷೆಗೆ ತಂದು, ನಮಗೆ ಬರಬೇಕಾಗಿದ್ದ ದಂಡನೆಯನ್ನು ಕ್ರಿಸ್ತನು ನಮ್ಮ ಸ್ಥಾನದಲ್ಲಿ ನಿಂತು ಅನುಭವಿಸಿದನೆಂದರು. ಮೂರನೆಯದು ಪ್ರೀತಿಯ ವ್ಯಾಖ್ಯಾನ. ಹನ್ನೆರಡನೆಯ ಶತಮಾನದ ಅಬೆಲಾರ್ಡನ ಅಭಿಪ್ರಾಯದಲ್ಲಿ, ಬದಲಾಗಬೇಕಾದುದು ದೇವರ ಮನಸ್ಸಲ್ಲ, ನಮ್ಮದು. ಅಷ್ಟೊಂದು ದೂರ ಬಂದ ಪ್ರೀತಿಯನ್ನು ಕಂಡ ಮೇಲೆ ಕಲ್ಲಾದ ಹೃದಯವೂ ಕರಗಿ ಪ್ರತಿಪ್ರೀತಿಯಿಂದ ತಿರುಗಿಕೊಳ್ಳುತ್ತದೆ.

ನಮ್ಮ ದೇಶದ ಓದುಗನಿಗೆ ಹತ್ತಿರವಾಗಬಲ್ಲ ಮತ್ತೊಂದು ದಾರಿಯನ್ನು ತುಳಿದವರು ಫರ್ಡಿನೆಂಡ್ ಕಿಟೆಲ್. 1894ರ ಮಹಾನಿಘಂಟಿನಿಂದ ಕನ್ನಡಿಗರಿಗೆಲ್ಲ ಪೂಜ್ಯರಾದ ಅವರು, 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ನಮ್ಮ ಛಂದಸ್ಸುಗಳಲ್ಲಿಯೇ ಹಾಡಿದರು, 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕಿರುಹೊತ್ತಗೆಯನ್ನು ಬರೆದು, ವೇದಕಾಲದಿಂದ ಬಂದ ಯಜ್ಞದ ಕಲ್ಪನೆಯನ್ನೇ ತಮ್ಮ ವಿಚಾರಕ್ಕೆ ವಸ್ತುವನ್ನಾಗಿ ಮಾಡಿಕೊಂಡರು. ಯಜ್ಞದ ಭಾಷೆ ಬೈಬಲ್ಲಿಗೂ ಹೊಸದಲ್ಲ. ಐಗುಪ್ತದ ದಾಸ್ಯದಿಂದ ಇಸ್ರಾಯೇಲ್ಯರು ಹೊರಟ ರಾತ್ರಿ ಕುರಿಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲಿಗೆ ಬಳಿದ ನೆನಪಿನ ಪಾಸ್ಖ ಹಬ್ಬದಲ್ಲಿಯೇ ಯೇಸು ಸತ್ತನಾಗಿ, ಅವನನ್ನು ದೇವರ ಕುರಿಮರಿಯೆಂದು ಕರೆಯುವ ರೂಢಿ ಬಂದಿತು. ಆದರೆ ಸಾಧಾರಣ ಯಜ್ಞಕ್ಕೂ ಇದಕ್ಕೂ ಇರುವ ಅಂತರವೇ ಕ್ರೈಸ್ತರ ಪಾಲಿಗೆ ಮುಖ್ಯವಾದುದು. ಯಜ್ಞದಲ್ಲಿ ಮನುಷ್ಯನು ದೇವರಿಗೆ ಕೊಡುತ್ತಾನೆ. ಇಲ್ಲಿ ದೇವರು ಮನುಷ್ಯನಿಗೆ ಕೊಡುತ್ತಾನೆ, ಕೊಡುವುದು ತನ್ನನ್ನೇ. ಆದುದರಿಂದ ಈ ಬಲಿಯಾದ ಮೇಲೆ ಬೇರೆ ಬಲಿಯ ಅಗತ್ಯವು ಉಳಿಯಲಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಪ್ರತಿಪಾದಿಸುತ್ತದೆ.

ಇಲ್ಲಿ ನಮ್ಮ ಜನರ ಮನಸ್ಸಿನಲ್ಲಿ ಏಳುವ ಆಕ್ಷೇಪವು ಬಲವಾದುದು, ನ್ಯಾಯವಾದುದು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಾಲಗೆಯ ಮೇಲಿಟ್ಟುಕೊಂಡು ಬೆಳೆದವರು ನಾವು. ಕರ್ಮವನ್ನು ಮಾಡಿದವನೊಬ್ಬ, ಫಲವನ್ನು ಉಣ್ಣುವವನು ಮತ್ತೊಬ್ಬನಾದರೆ ಧರ್ಮದ ತಕ್ಕಡಿ ಎಲ್ಲಿ ನಿಂತಿತು? ಇದಕ್ಕೆ ಕ್ರೈಸ್ತ ಚಿಂತಕರು ಕೊಡುವ ಉತ್ತರದ ಸಾರವನ್ನು ಕುಷ್ಟಗಿಯ ಒಣಬೇಸಾಯದ ರೈತನಿಗೆ ಒಂದೇ ಮಾತಿನಲ್ಲಿ ತಿಳಿಸಬಹುದು. ಮಳೆ ಕೈಕೊಟ್ಟ ವರ್ಷ ಸಾಲಗಾರನ ಮನೆಯ ಸ್ಥಿತಿಯನ್ನು ನೋಡಿ ಸಾಲ ಕೊಟ್ಟವನು ಪತ್ರವನ್ನು ಹರಿದುಹಾಕಿದನೆನ್ನಿ. ಸಾಲಗಾರನು ಬಿಡುಗಡೆ ಹೊಂದಿದನು ನಿಜ, ಆದರೆ ಹಣವು ಗಾಳಿಯಲ್ಲಿ ಕರಗಲಿಲ್ಲ, ಕೊಟ್ಟವನ ಗಂಟಿನಿಂದ ಹೋಯಿತು. ಯಾವ ಕ್ಷಮೆಯೂ ಬೆಲೆಯಿಲ್ಲದೆ ಆಗುವುದಿಲ್ಲ; ಬೆಲೆಯನ್ನು ತೆರುವವನು ಯಾವಾಗಲೂ ಕ್ಷಮಿಸಿದವನೇ. ಅಪರಾಧ ಮಾಡಿದವನೊಬ್ಬ, ನ್ಯಾಯಾಧೀಶನೊಬ್ಬ, ನಡುವೆ ಹಿಡಿದು ತಂದ ನಿರಪರಾಧಿ ಮೂರನೆಯವನೊಬ್ಬ ಎಂದು ಶಿಲುಬೆಯನ್ನು ಚಿತ್ರಿಸಿಕೊಂಡರೆ ಅದು ಅನ್ಯಾಯವೇ ಸರಿ. ಕ್ರೈಸ್ತ ವಿಶ್ವಾಸವು ಹೇಳುವುದಾದರೋ, ಅಲ್ಲಿ ಮೂರನೆಯವನು ಇರಲೇ ಇಲ್ಲವೆಂದು. ಯಾರ ವಿರುದ್ಧ ಅಪರಾಧವು ನಡೆಯಿತೋ ಆ ದೇವರೇ, ಕ್ರಿಸ್ತನಲ್ಲಿ, ಅದರ ನಷ್ಟವನ್ನು ತನ್ನ ಮೈಮೇಲೆ ಹಾಕಿಕೊಂಡನು. ಯೇಸು ಕೇವಲ ಪುಣ್ಯಪುರುಷನಾಗಿದ್ದರೆ ಶಿಲುಬೆಯು ಒಂದು ದುರಂತವಾಗಿ ಉಳಿಯುತ್ತಿತ್ತು. ಅವನಲ್ಲಿ ದೇವರಿದ್ದನೆಂಬ ವಿಶ್ವಾಸವಿರುವುದರಿಂದಲೇ ಅದು ಕ್ಷಮೆಯಾಗುತ್ತದೆ. ತ್ರಯೈಕ ದೇವರೆಂಬ ಕಠಿನವಾದ ಸಿದ್ಧಾಂತಕ್ಕೂ ಶಿಲುಬೆಗೂ ಇರುವ ನಂಟು ಇದು.

ಆದರೂ ಆ ದೇವರು ಶಿಲುಬೆಯ ಮೇಲೆ ನಿರ್ಲಿಪ್ತನಾಗಿ, ನೋವು ತಾಗದವನಾಗಿ ಇರಲಿಲ್ಲ. ಅಲ್ಲಿಂದ ಯೇಸು ಆಡಿದುವೆಂದು ಸುವಾರ್ತೆಗಳಿಂದ ಆರಿಸಿದ ಏಳು ಮಾತುಗಳು ಕ್ರೈಸ್ತ ಸಭೆಗಳಲ್ಲಿ ಪ್ರಸಿದ್ಧವಾಗಿವೆ. ಕೊಲ್ಲುವವರಿಗಾಗಿ ಕ್ಷಮೆಯನ್ನು ಬೇಡಿದುದು, ಪಕ್ಕದ ಅಪರಾಧಿಗೆ ಅಂದೇ ಪರದೈಸಿನ ಭರವಸೆಯನ್ನು ಕೊಟ್ಟುದು, ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದುದು, ದೇವರು ತನ್ನನ್ನು ಏಕೆ ಕೈಬಿಟ್ಟನೆಂದು ಮೊರೆಯಿಟ್ಟುದು, ನೀರಡಿಕೆಯಾಗಿದೆಯೆಂದುದು, ಎಲ್ಲವೂ ಪೂರೈಸಿತೆಂದುದು, ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದುದು. ಇವುಗಳಲ್ಲಿ ನಾಲ್ಕನೆಯದು ಎಲ್ಲ ವ್ಯಾಖ್ಯಾನಕಾರರನ್ನೂ ತಡೆದು ನಿಲ್ಲಿಸಿದ ಮಾತು. ಸಲ್ಲೇಖನದ ಮುನಿಯ ಸಮಚಿತ್ತ ಇಲ್ಲಿಲ್ಲ; ರಣದಲ್ಲಿ ಬಿದ್ದ ವೀರನ ಉತ್ಸಾಹವೂ ಇಲ್ಲ. ದೇವರು ದೂರವಾದನೆಂಬ ಸಂಕಟವನ್ನು ದೇವರ ಮಗನೇ ಅನುಭವಿಸಿದನು. ಆದಕಾರಣ, ಮಗುವನ್ನು ಕಳೆದುಕೊಂಡ ತಾಯಿಯಾಗಲಿ, ಆಸ್ಪತ್ರೆಯ ಮಂಚದಲ್ಲಿ ಒಬ್ಬಂಟಿಯಾದ ರೋಗಿಯಾಗಲಿ, ದೇವರು ತನ್ನನ್ನು ಮರೆತನೆಂದು ಕೂಗಿದರೆ ಅದು ನಾಸ್ತಿಕತೆಯಲ್ಲ. ಆ ಕೂಗು ಈಗಾಗಲೇ ದೇವರ ಬಾಯಿಂದಲೇ ಹೊರಟು ಪ್ರಾರ್ಥನೆಯಾಗಿಬಿಟ್ಟಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಶಿಲುಬೆಯ ಬಗೆಗಿನ ಎಲ್ಲ ಸಿದ್ಧಾಂತಗಳಿಗಿಂತಲೂ ಆಳವಾದುದು ಈ ಒಂದು ಸಾಂತ್ವನ.

ಹಾಗೆಂದು ಕಷ್ಟವೇ ಒಳ್ಳೆಯದು, ಸಹಿಸುವುದೇ ಧರ್ಮ ಎಂಬ ಉಪದೇಶವನ್ನು ಇದರಿಂದ ತೆಗೆಯಲಾಗದು. ಮೂರನೆಯ ದಿನ ಸಮಾಧಿ ಬರಿದಾಯಿತೆಂಬ, ಯೇಸು ಜೀವಂತನಾಗಿ ಎದ್ದನೆಂಬ ಪುನರುತ್ಥಾನದ ವಿಶ್ವಾಸವನ್ನು ಬಿಟ್ಟು ಶಿಲುಬೆಯನ್ನು ಓದುವ ಕ್ರೈಸ್ತರಿಲ್ಲ. ಲೋಕವು ಕೊಟ್ಟ ತೀರ್ಪನ್ನು ದೇವರು ಮೇಲ್ಮನವಿಯಲ್ಲಿ ರದ್ದುಮಾಡಿದನೆಂಬುದು ಪುನರುತ್ಥಾನದ ತಾತ್ಪರ್ಯ. ಶುಕ್ರವಾರವು ಅನ್ಯಾಯವೇ, ಭಾನುವಾರ ಬಂದಿತೆಂದು ಅದು ನ್ಯಾಯವಾಗಲಿಲ್ಲ. ಆದರೆ ಅನ್ಯಾಯಕ್ಕೆ ಕೊನೆಯ ಮಾತಾಗುವ ಅಧಿಕಾರ ತಪ್ಪಿತು.

ನೀತಿವಂತನೊಬ್ಬನ ವಧೆಗಾಗಿ ಶೋಕಿಸುವ ಸಂಪ್ರದಾಯವು ಈ ಸೀಮೆಗೆ ಅಪರಿಚಿತವಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೆಜ್ಜೆಹಾಕುತ್ತ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತ ಬಂದಿದ್ದಾರೆ. ಮುದಗಲ್ಲಿನ ಮೊಹರಮ್ಮಂತೂ ನಾಡಿಗೆಲ್ಲ ಹೆಸರಾದುದು. ಇಸ್ಲಾಮು ಈಸಾ ನಬಿಯನ್ನು ಮಹಾಪ್ರವಾದಿಯೆಂದು ಗೌರವಿಸುತ್ತದಾದರೂ ಅವರು ಶಿಲುಬೆಯ ಮೇಲೆ ಕೊಲ್ಲಲ್ಪಟ್ಟರೆಂಬುದನ್ನು ಒಪ್ಪುವುದಿಲ್ಲ; ತನ್ನ ಪ್ರವಾದಿಯನ್ನು ಅಂಥ ಅವಮಾನಕ್ಕೆ ದೇವರು ಬಿಟ್ಟುಕೊಡಲಿಲ್ಲವೆಂಬುದು ಕುರಾನಿನ ನಿಲುವು. ದೇವರ ಗೌರವವನ್ನು ಕಾಯಬೇಕೆಂಬ ಈ ನಿಲುವಿನ ಗಾಂಭೀರ್ಯವನ್ನು ಮನ್ನಿಸುತ್ತಲೇ, ಕ್ರೈಸ್ತ ವಿಶ್ವಾಸವು ತನ್ನ ಗೌರವವನ್ನು ತಾನೇ ಬಿಟ್ಟುಕೊಟ್ಟ ದೇವರನ್ನು ಕುರಿತು ಮಾತನಾಡುತ್ತದೆಂಬುದನ್ನು ತಿಳಿಯಬೇಕು. ದೇವರಿಗೆ ಸಮನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದನೆಂದು ಪೌಲನು ಫಿಲಿಪ್ಪಿಯವರಿಗೆ ಬರೆದುದು ಇದನ್ನೇ.

ಈ ನೆನಪು ಆಚರಣೆಯಾಗುವ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬೂದಿ ಬುಧವಾರದಂದು, ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಹಿಡಿದಿದ್ದ ಗರಿಗಳನ್ನು ಸುಟ್ಟ ಭಸ್ಮವನ್ನು ಹಣೆಗೆ ಇಡಿಸಿಕೊಳ್ಳುವುದರೊಂದಿಗೆ ಕ್ಯಾಥೊಲಿಕರ 40 ದಿನಗಳ ತಪಸ್ಸುಕಾಲವು ಮೊದಲಾಗುತ್ತದೆ. ಪ್ರತಿ ಶುಕ್ರವಾರ ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ಪದ್ಧತಿಯುಂಟು. ವಸಂತದ ಹುಣ್ಣಿಮೆಯನ್ನು ಅನುಸರಿಸಿ ನಿರ್ಣಯವಾಗುವುದರಿಂದ ಶುಭ ಶುಕ್ರವಾರವು ಬಹುತೇಕ ವರ್ಷಗಳಲ್ಲಿ ಚೈತ್ರದ, ಕೆಲವೊಮ್ಮೆ ಫಾಲ್ಗುಣದ ಹುಣ್ಣಿಮೆಯ ಆಸುಪಾಸಿಗೆ, ತುಂಗಭದ್ರೆಯ ಆಚೆ ಹಂಪಿಯ ವಿರೂಪಾಕ್ಷನ ತೇರಿನ ಸನ್ನಾಹವಾಗುವ ಕಾಲಕ್ಕೆ ಬರುತ್ತದೆ. ಬಂಡೆಗಳು ಕಾದು ಬಿಸಿಯುಗುಳುವ ದಿನಗಳವು. ಶುಭ ಶುಕ್ರವಾರದಂದು ಕ್ಯಾಥೊಲಿಕ್ ದೇವಾಲಯಗಳಲ್ಲಿ ಬಲಿಪೂಜೆ ನಡೆಯದು, ಗಂಟೆ ಮೊಳಗದು, ಪೀಠದ ಮೇಲೆ ವಸ್ತ್ರವಿರದು. ಭಕ್ತರು ಒಬ್ಬೊಬ್ಬರಾಗಿ ಬಂದು ಶಿಲುಬೆಗೆ ಮುತ್ತಿಡುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಉಪವಾಸದಲ್ಲಿ ಕುಳಿತು ಏಳು ಮಾತುಗಳ ಮೇಲೆ ಪ್ರಸಂಗಗಳನ್ನು ಕೇಳುವುದು ವಾಡಿಕೆ.

ಶಿಲುಬೆಯ ಅರ್ಥವನ್ನು ನಮ್ಮ ಕಾಲದಲ್ಲಿ, ನಮ್ಮ ನೆಲದಲ್ಲಿ ಇನ್ನೊಂದು ಮಗ್ಗುಲಿನಿಂದ ಕಂಡವರುಂಟು. ಯೇಸು ಪಟ್ಟಣದ ಬಾಗಿಲ ಹೊರಗೆ ಸತ್ತನೆಂಬುದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯು ಒತ್ತಿ ಹೇಳಿ, ವಿಶ್ವಾಸಿಗಳೂ ಅವನ ಅವಮಾನದಲ್ಲಿ ಪಾಲುಗೊಳ್ಳಲು ಹೊರಗೆ ಹೋಗಬೇಕೆನ್ನುತ್ತದೆ. ಅಗಸಿಯ ಹೊರಗೆ ಯಾರ ಕೇರಿಯನ್ನು ಕಟ್ಟಿಸಲಾಗಿದೆಯೆಂಬುದು ಇಲ್ಲಿಯ ಯಾವ ಹಳ್ಳಿಯವನಿಗೂ ಗೊತ್ತಿರುವ ವಿಷಯ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಉಪನ್ಯಾಸವೊಂದರಿಂದ ದಲಿತ ದೇವಶಾಸ್ತ್ರವೆಂಬ ಚಿಂತನಧಾರೆಯು ಹೊರಟಿತು. ಊರು ಹೊರಗಿಟ್ಟವರ ಜೊತೆಯಲ್ಲಿ, ಅವರಲ್ಲಿ ಒಬ್ಬನಾಗಿ ದೇವರು ಇದ್ದಾನೆಂಬುದೇ ಶಿಲುಬೆಯ ಪ್ರಥಮ ಅರ್ಥವೆಂದು ಆ ಧಾರೆಯವರು ವಾದಿಸಿದರು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, ದಲಿತರ ಪುಟ್ಟ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತೆಂದು ಆ ಕುಟುಂಬಕ್ಕೆ ದಂಡ ಹಾಕಿದ ಸುದ್ದಿಯನ್ನು ನಾಡೆಲ್ಲ ಓದಿತು. ಅಂಥ ಮನೆಯವರ ಎದುರಿಗೆ ದೇವರ ಮಾತನಾಡುವವನು, ಬಾಗಿಲೊಳಗೆ ನಿಂತ ದೇವರನ್ನು ಕುರಿತು ಮಾತನಾಡುವನೋ, ಬಾಗಿಲ ಹೊರಗೆ ತಳ್ಳಿಸಿಕೊಂಡ ದೇವರನ್ನು ಕುರಿತೋ ಎಂಬುದು ದೊಡ್ಡ ಪ್ರಶ್ನೆ.

ಈ ಪ್ರಶ್ನೆಯಿಂದ ಕ್ರೈಸ್ತರೂ ನುಣುಚಿಕೊಳ್ಳಲಾರರು. ದಕ್ಷಿಣ ಭಾರತದ ಎಷ್ಟೋ ಸಭೆಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದುದು ಚರಿತ್ರೆ. ಶಿಲುಬೆಯ ಗುರುತನ್ನು ಎದೆಗೆ ಹೊಲಿದುಕೊಂಡು ಧರ್ಮಯುದ್ಧಗಳಿಗೆ ಹೊರಟವರಿದ್ದರು. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯವು ಅನೇಕರ ಬದುಕನ್ನು ಹಾಳುಮಾಡಿತು. ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯರ ಕುಲಕ್ಕೆಲ್ಲ ಹೊರಿಸಿ ಶತಮಾನಗಳ ಕಾಲ ಅವರನ್ನು ಹಿಂಸಿಸಲಾಯಿತು. ಈ ಆರೋಪವನ್ನು ಕ್ಯಾಥೊಲಿಕ್ ಸಭೆಯು ಸ್ಪಷ್ಟವಾಗಿ ತಳ್ಳಿಹಾಕಿದುದು 1965ರಷ್ಟು ತಡವಾಗಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ಶಿಲುಬೆಗೇರಿಸಲ್ಪಟ್ಟವನ ಹೆಸರಿನಿಂದ ಇತರರನ್ನು ಶಿಲುಬೆಗೇರಿಸುವುದಕ್ಕಿಂತ ದೊಡ್ಡ ದ್ರೋಹ ಆ ವಿಶ್ವಾಸಕ್ಕೆ ಬೇರೊಂದಿಲ್ಲ.

ಕ್ರೈಸ್ತರಲ್ಲದ ಕನ್ನಡಿಗರೂ ಈ ಮರಣದ ಮುಂದೆ ನಿಂತು ಮಣಿದಿದ್ದಾರೆ. ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿದ್ದು ಬರೆದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನಾಗಿ ರಚಿಸಿ, ಆ ಮೇಲೆ ಬುದ್ಧನ ಅಂತ್ಯವನ್ನು ‘ವೈಶಾಖಿ’ಯಲ್ಲಿ ಹಾಡಿದರು; ಗೌಡ ಸಾರಸ್ವತ ಮನೆತನದಲ್ಲಿ ಹುಟ್ಟಿದ ಆ ಪಂಡಿತಕವಿಗೆ ಎರಡೂ ತನ್ನ ಹೃದಯದ ಸೊತ್ತಾಗಿದ್ದುವು. 1931ರ ಡಿಸೆಂಬರಿನಲ್ಲಿ ರೋಮಿಗೆ ಹೋಗಿದ್ದ ಗಾಂಧೀಜಿಯವರು ವ್ಯಾಟಿಕನ್ನಿನಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಮೂರ್ತಿಯನ್ನು ಕಂಡು ಕಂಬನಿ ತುಂಬಿ ನಿಂತರು. ಕ್ರಿಸ್ತನೊಬ್ಬನೇ ದೇವಪುತ್ರನೆಂಬುದನ್ನು ಗಾಂಧೀಜಿ ಒಪ್ಪಲಿಲ್ಲ. ಪರರಿಗೆ ಕಿಂಚಿತ್ತೂ ಕೇಡನ್ನು ಬಗೆಯದೆ ತನ್ನನ್ನು ಸಂಪೂರ್ಣವಾಗಿ ಅರ್ಪಿಸಿಕೊಂಡ ಸತ್ಯಾಗ್ರಹಿಯನ್ನು ಅವರು ಅಲ್ಲಿ ಕಂಡರು. ಕ್ರೈಸ್ತ ವಿಶ್ವಾಸವು ಹೇಳುವುದೆಲ್ಲವನ್ನೂ ಈ ದೃಷ್ಟಿಯು ಒಳಗೊಳ್ಳದು. ಆದರೂ ಶಿಲುಬೆಯಿಂದ ನಡತೆಗೆ ಇಳಿಯುವ ದಾರಿ ಯಾವುದೆಂಬುದನ್ನು ಗಾಂಧೀಜಿಯಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಕ್ರೈಸ್ತರಲ್ಲಿಯೂ ವಿರಳ.

ಶಿಲುಬೆಯು ಕ್ರೈಸ್ತನಿಗೆ ಹೇಳುವುದು ಎರಡು ಮಾತು. ತಾನು ಮಾಡಿದ ಕೇಡು ಎಷ್ಟು ದೊಡ್ಡದೆಂದರೆ ಅದನ್ನು ಅಳಿಸಲು ದೇವರೇ ಬೆಲೆ ತೆರಬೇಕಾಯಿತು ಎಂಬುದೊಂದು. ತನ್ನ ಮೇಲಿನ ಪ್ರೀತಿ ಎಷ್ಟು ದೊಡ್ಡದೆಂದರೆ ದೇವರು ಆ ಬೆಲೆಯನ್ನು ತೆತ್ತೇ ತೆತ್ತನು ಎಂಬುದಿನ್ನೊಂದು. ಮೊದಲನೆಯದನ್ನು ನಂಬಿದವನು ಇನ್ನೊಬ್ಬನನ್ನು ಕೀಳಾಗಿ ಕಾಣಲಾರನು. ಎರಡನೆಯದನ್ನು ನಂಬಿದವನು ತನ್ನನ್ನು ತಾನು ನಿಕೃಷ್ಟನೆಂದು ಎಣಿಸಲಾರನು. ಕ್ಷಮೆ ಪಡೆದವನಾದುದರಿಂದ ಕ್ಷಮಿಸುವ, ಅದರ ನಷ್ಟವನ್ನು ತಾನೇ ಹೊರುವ ಹೊಣೆ ಅವನ ಮೇಲೆ ಬೀಳುತ್ತದೆ. ಒಂದು ಊರಿನಲ್ಲಿ ಯಾರನ್ನಾದರೂ ಹತ್ತು ಜನರ ನಡುವೆ ನಿಲ್ಲಿಸಿ ಅವಮಾನಿಸುವಾಗ, ಬಹಿಷ್ಕರಿಸುವಾಗ, ಸುಳ್ಳು ಆರೋಪದಿಂದ ಹೊರಗಟ್ಟುವಾಗ, ಶಿಲುಬೆಯನ್ನು ಪೂಜಿಸುವವನು ಯಾರ ಪಕ್ಕದಲ್ಲಿ ಹೋಗಿ ನಿಲ್ಲುತ್ತಾನೆಂಬುದರಿಂದಲೇ ಅವನ ವಿಶ್ವಾಸವನ್ನು ಅಳೆಯಬೇಕು; ಅವನ ನೆರೆಯವರಿಗೆ ಹಾಗೆ ಅಳೆಯುವ ಹಕ್ಕಿದೆ, ಅಳೆಯಿಸಿಕೊಳ್ಳುವ ಕರ್ತವ್ಯ ಅವನಿಗಿದೆ.